ಇಪ್ಪತ್ತು ಬೀಜದ ಅಮರಿಲ್ಲಿಸ್ ಪೊಟ್ಟಣ: ಕೊಟ್ಟ ದುಡ್ಡಿಗೆ ಮೋಸವಿಲ್ಲವೇ?

ಹವ್ಯಾಸಿ ಬೆಳೆಗಾರರು ಮನೆಯಲ್ಲೇ ಕ್ರಾಸ್ ಮಾಡಿ (ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಸವರಿ) ವಾಟ್ಸಾಪ್‌ನಲ್ಲಿ ಮಾರುವ, ಗಡ್ಡೆಯಿಂದ ದೊಡ್ಡ ಹೂ ಬಿಡುವ ಅಮರಿಲ್ಲಿಸ್ ಗಿಡದ ಬೀಜಕ್ಕೆ ಈಗ ಒಳ್ಳೆಯ ಗಿರಾಕಿ ಇದೆ. ಇಲ್ಲಿ ನೋಡುತ್ತಿರುವುದು ಬೆಂಗಳೂರಿನ ತಾರಸಿ ತೋಟವೊಂದರ ಪೊಟ್ಟಣ: 20 ಬೀಜ, 150 ರೂಪಾಯಿ, ಕೊರಿಯರ್ ಖರ್ಚು ಬೇರೆ. ಮಾರಿದವರ ಹೆಸರು ಬೇಡ. ಇದರ ತಕರಾರು ಇಂಥ ಹೆಚ್ಚಿನ ಪೊಟ್ಟಣಗಳದ್ದೂ ಹೌದು.

ಪ್ಯಾಕಿಂಗ್ ಚೆನ್ನಾಗಿದೆ. ಬೀಜ ಬಂದದ್ದು ಕಾಗದದ ಲಕೋಟೆಯಲ್ಲಿ. ಹಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತಿತ್ತು. ಮೇಲೆ ‘ರೆಡ್ ಲಯನ್ × ಆ್ಯಪಲ್ ಬ್ಲಾಸಮ್’ ಎಂದು ತಾಯಿಗಿಡ ಮೊದಲು ಬರುವಂತೆ ಕ್ರಮವಾಗಿ ಬರೆದಿದ್ದಾರೆ, ಕಾಯಿ ಒಡೆದ ತಾರೀಕೂ ಇದೆ. ತಾರೀಕಿಲ್ಲದ ಪೊಟ್ಟಣ ಕೊಳ್ಳಲೇಬೇಡಿ. ಈ ಬೀಜ ಹಳತಾದಷ್ಟೂ ಮೊಳಕೆ ಕುಸಿಯುತ್ತದೆ, ಬಿಡಿಸಿದ ಕೆಲವೇ ವಾರಗಳಲ್ಲಿ ಬಿತ್ತಿದರೆ ಲೇಸು.

ಬೀಜ ಕಪ್ಪಗೆ, ಕಾಗದದಷ್ಟು ತೆಳ್ಳಗೆ. ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿ: ನಡುವೆ ಅಕ್ಕಿಕಾಳಿನಂಥ ಗಟ್ಟಿ ಉಬ್ಬು ಕಂಡರೆ ಜೀವವಿದೆ, ಇಲ್ಲದಿದ್ದರೆ ಜಳ್ಳು. ಈ ಪೊಟ್ಟಣದಲ್ಲಿ ನಾಲ್ಕು ಜಳ್ಳು. ಬಿಡಿ, ದೊಡ್ಡ ತಪ್ಪಲ್ಲ; ಆದರೆ ಆರಿಸಿ ಕೊಡುವುದು ಐದು ನಿಮಿಷದ ಕೆಲಸ.

ತಕರಾರು ಇರುವುದು ಜಾಹೀರಾತಿನ ಫೋಟೊ ಬಗ್ಗೆ. ಅಚ್ಚ ಬಿಳಿ ಎಸಳಿಗೆ ಕೆಂಪು ಅಂಚು, ಕೆಳಗೆ ‘ಹೂ ಹೀಗೆ ಬರುತ್ತದೆ’ ಎಂಬ ಮಾತು. ಹಾಗೆ ಯಾರೂ ಭರವಸೆ ಕೊಡಲಾರರು. ಸಾಮಾನ್ಯ ಗಿಡದಲ್ಲಿ ಒಂದು ಗುಣಕ್ಕೆ ಎರಡು ಜೀನ್ ಪ್ರತಿಗಳಿದ್ದರೆ ದೊಡ್ಡ ಹೂವಿನ ಈ ಡಚ್ ತಳಿಗಳಲ್ಲಿ ನಾಲ್ಕಿರುತ್ತವೆ. ಎರಡು ಪ್ರತಿಯ ಗಿಡಗಳಲ್ಲಿ ಅಡಗಿ ಕೂತ ಗುಣ ನಾಲ್ಕು ಸಸಿಗೆ ಒಂದರಲ್ಲಿ ಹೊರಬರುವ ಕಡೆ, ನಾಲ್ಕು ಪ್ರತಿಯವುಗಳಲ್ಲಿ, ತಾಯಿ ತಂದೆ ಎರಡರಲ್ಲೂ ಅರ್ಧದಷ್ಟು ಪ್ರತಿಗಳಲ್ಲಿ ಅಡಗಿದ್ದರೂ, 36ಕ್ಕೆ ಒಂದರಲ್ಲಿ ಕಂಡೀತು. ಅದೂ ಒಂದೇ ಜೀನಿನ ಲೆಕ್ಕ. ಹೂವಿನ ಬಣ್ಣಕ್ಕೆ ಹಲವು ಸೇರುತ್ತವೆ. ತಾಯಿಗಿಡ ರೆಡ್ ಲಯನ್ ಕೆಂಪು ಹೂವಿನದು; 20 ಬೀಜದಲ್ಲಿ ಹೆಚ್ಚಿನವು ಕೆಂಪಿನ ಕಡೆಗೇ ವಾಲುತ್ತವೆ ಅಂದುಕೊಂಡು ಬಿತ್ತುವುದು ಕ್ಷೇಮ.

ಇನ್ನೊಂದು ಪ್ರಶ್ನೆ: ಇದು ನಿಜಕ್ಕೂ ಕ್ರಾಸೇ? ಇಂಥ ತಳಿಗಳು ಬಹಳಷ್ಟು ತಮ್ಮದೇ ಪರಾಗಕ್ಕೂ ಕಾಯಿ ಕಟ್ಟುತ್ತವೆ. ಮೊಗ್ಗು ಬಿರಿಯುವ ಹಿಂದಿನ ದಿನವೇ ಆರೂ ಪರಾಗಕೋಶ ಕಿತ್ತಿದ್ದರೆ ಮಾತ್ರ ನಂಬಬಹುದು. ಮಾರುವವರನ್ನು ಇದನ್ನೇ ಕೇಳಿ. ತಡವರಿಸಿದರೆ ಮುಂದಿನ ಅಂಗಡಿ ನೋಡಿಕೊಳ್ಳಿ.

ಬಿತ್ತುವುದು ಸುಲಭ. ಅಗಲ ಬಟ್ಟಲಿನ ನೀರಿನಲ್ಲಿ ತೇಲಿಬಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಹತ್ತು ದಿನದಿಂದ ಮೂರು ವಾರದೊಳಗೆ ಬೇರು ಬಿಡುತ್ತದೆ. ಎಲೆ ಎರಡು ಸೆಂಟಿಮೀಟರ್ ಆದ ಮೇಲೆ ಎರಡು ಪಾಲು ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಗೊಬ್ಬರದ ಮಿಶ್ರಣಕ್ಕೆ ನೆಡಿ. ಗೊಬ್ಬರ ಪೂರ್ತಿ ಕಳಿಯದೆ ಹಸಿಯಿದ್ದರೆ ಸಸಿ ಬುಡದಲ್ಲೇ ಕೊಳೆತು ಮಲಗುತ್ತದೆ. ಮೊದಲ ಎರಡು ವರ್ಷ ಗಡ್ಡೆಗೆ ವಿಶ್ರಾಂತಿ ಕೊಡಿಸುವ ಉಸಾಬರಿ ಬೇಡ, ಎಲೆ ಇದ್ದಷ್ಟು ದಿನ ನೀರು ಕೊಡಿ. ಕಪ್ಪು ಮೈಯ, ಬಿಳಿ ಚುಕ್ಕೆಯ ಲಿಲ್ಲಿ ಹುಳು ಕಂಡರೆ ಕೈಯಲ್ಲೇ ಆರಿಸಿ. ಬಿಟ್ಟರೆ ಗಡ್ಡೆಯವರೆಗೂ ಕೊರೆಯುತ್ತದೆ. ಹೂವಿಗೆ ಎರಡರಿಂದ ನಾಲ್ಕು ವರ್ಷ.

ಅಷ್ಟು ಕಾಯುವುದಾದರೆ ಎರಡು ಗಡ್ಡೆ ಕೊಂಡು ಕ್ರಾಸ್ ನೀವೇ ಮಾಡಿ. ಈ ಹವ್ಯಾಸದ ಮೊದಲ ಮಿಶ್ರತಳಿಯನ್ನು 1799ರ ಸುಮಾರಿಗೆ ಬೆಳೆಸಿದ ಇಂಗ್ಲೆಂಡಿನ ಜಾನ್ಸನ್ ಕೂಡ ವೃತ್ತಿಯಲ್ಲಿ ತೋಟಗಾರನಲ್ಲ, ಗಡಿಯಾರ ಮಾಡುವವನು. ಹೂ ಬಿರಿದ ಎರಡು ಮೂರು ದಿನಕ್ಕೆ ಶಲಾಕೆಯ (ಹೂವಿನ ನಡುವಿನ ಹೆಣ್ಣು ಭಾಗದ ಉದ್ದ ಕಡ್ಡಿಯ) ತುದಿ ಮೂರಾಗಿ ಸೀಳಿ ಹಿಂದಕ್ಕೆ ಸುರುಳುತ್ತದೆ. ಆಗ ಪರಾಗ ಸವರಬೇಕು, ಅದಕ್ಕೂ ಮೊದಲು ಸವರಿದರೆ ಹೆಚ್ಚಾಗಿ ವ್ಯರ್ಥ. ನಾಲ್ಕರಿಂದ ಆರು ವಾರಕ್ಕೆ ಕಾಯಿ ಹಳದಿಯಾಗಿ ಬಿರಿಯುತ್ತದೆ, ಒಂದರಲ್ಲೇ ಐವತ್ತಕ್ಕೂ ಹೆಚ್ಚು ಬೀಜ ಸಿಗಬಹುದು. ಪೊಟ್ಟಣದ ಪರ ಹೇಳಬಹುದಾದ ಮಾತೊಂದಿದೆ: ಕೊಂಡ ಗಡ್ಡೆಯಲ್ಲಿ ಎಲೆಗೆ ಹಳದಿ ಮಚ್ಚೆ ತರುವ ಮೊಸಾಯಿಕ್ ವೈರಸ್ ಅಡಗಿರಬಹುದು, ಬೀಜದಲ್ಲಿ ಅದು ಸಾಮಾನ್ಯವಾಗಿ ದಾಟುವುದಿಲ್ಲ.

ಐದಕ್ಕೆ ಮೂರು ಅಂಕ. ಕೊಳ್ಳುವುದಾದರೆ ಮೇ, ಜೂನ್‌ನಲ್ಲಿ ಆರ್ಡರ್ ಮಾಡಿ. ಬೇಸಿಗೆಯ ಹೂವಿನ ಕಾಯಿ ಒಡೆಯುವುದು ಆಗ. ನವೆಂಬರ್‌ನಲ್ಲಿ ‘ತಾಜಾ’ ಎಂದು ಮಾರುವ ಬೀಜ ಎಲ್ಲಿಂದ ಬಂತೆಂದು ಕೇಳಿಯೇ ದುಡ್ಡು ಕಳಿಸಿ.