ಸೈಟು ಕೊಳ್ಳುವ ಮೊದಲು ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ನೋಡಿ: ರಿಂಗ್ ರಸ್ತೆಯಾಚೆಯ ನಮ್ಮ ಲೇಔಟ್, ಒಬ್ಬ ವೈರಿಂಗ್ ಕಾಂಟ್ರಾಕ್ಟರ್ ಕಂಡಂತೆ

ಮೈಸೂರಿನ ರಿಂಗ್ ರಸ್ತೆ ದಾಟಿ ಬೋಗಾದಿ ಕಡೆಗೆ ಸಾಗಿದರೆ ಸಾಲುಸಾಲಾಗಿ ಖಾಸಗಿ ಲೇಔಟುಗಳು. ಅವುಗಳಲ್ಲೊಂದರಲ್ಲಿ ನನ್ನ ಮನೆ ಇದೆ. ಹೆಸರು ಬರೆಯುತ್ತಿಲ್ಲ, ಹೇಳಹೊರಟಿರುವ ವಿಷಯ ಅಕ್ಕಪಕ್ಕದ ಲೇಔಟುಗಳಿಗೂ ಅಷ್ಟೇ ಒಪ್ಪುತ್ತದೆ. ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಇಲ್ಲಿನ ಎಷ್ಟೋ ಮನೆಗಳ ಮೇನ್ ಬೋರ್ಡ್ ಕೂರಿಸಿದ್ದು ನಮ್ಮ ಹುಡುಗರೇ. ಭಾನುವಾರ ಸೈಟು ನೋಡಲು ಬರುವವರು ಕಾವೇರಿ ನೀರು ಬರುತ್ತದಾ, ಇ-ಖಾತೆ ಆಗಿದೆಯಾ ಎಂದೆಲ್ಲ ವಿಚಾರಿಸುತ್ತಾರೆ. ಈಗೀಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: “ಅಣ್ಣಾ, ಎಲೆಕ್ಟ್ರಿಕ್ ಕಾರು ತಗೊಂಡ್ರೆ ಇಲ್ಲಿ ಚಾರ್ಜಿಂಗ್‌ಗೆ ತೊಂದ್ರೆ ಇಲ್ವಾ?” ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಮುಗಿಸುವ ಪ್ರಶ್ನೆ ಅಲ್ಲ ಅದು.

ಮೊದಲು ರಸ್ತೆ. ಇಲ್ಲಿನ ಸೈಟುಗಳು ಬಹುಪಾಲು 30x40. ಪ್ರವೇಶದ ರಸ್ತೆ 60 ಅಡಿ, ನಡುವಿನ ರಸ್ತೆ 40, ಉಳಿದ ಅಡ್ಡರಸ್ತೆಗಳೆಲ್ಲ 30. ಬ್ರೋಷರಿನಲ್ಲಿ 30 ಅಡಿ ಎಂದರೆ ವಿಶಾಲವಾಗಿಯೇ ಕೇಳಿಸುತ್ತದೆ. ಆದರೆ ಚರಂಡಿ, ಗಿಡದ ಪಟ್ಟಿ, ಬೀದಿದೀಪದ ಕಂಬ ಎಲ್ಲ ಅದರೊಳಗೇ ಬರಬೇಕು. ಡಾಂಬರು ಉಳಿಯುವುದು ಸುಮಾರು 20 ಅಡಿ. ಕಾರಿನ ಅಗಲ ಹತ್ತಿರಹತ್ತಿರ 6 ಅಡಿ. ಎರಡೂ ಬದಿಯಲ್ಲಿ ಕಾರು ನಿಂತರೆ ನಡುವೆ 8 ಅಡಿ ಸಿಗುತ್ತದೆ. ನೀರಿನ ಟ್ಯಾಂಕರಿನ ಅಗಲವೇ ಅಷ್ಟಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಚಾಲಕ ಹಾರ್ನ್ ಒತ್ತುತ್ತಾ ನಿಂತು, ಕಾರಿನ ಮಾಲೀಕರು ಒಬ್ಬೊಬ್ಬರಾಗಿ ಬೀಗದ ಕೈ ಹಿಡಿದು ಇಳಿದು ಬರುವುದು ನಮ್ಮ ಅಡ್ಡರಸ್ತೆಯಲ್ಲಿ ಮಾಮೂಲು. ಅಗ್ನಿಶಾಮಕ ವಾಹನಕ್ಕೆ ಹಾಗೆ ಕಾಯುವ ಹೊತ್ತು ಇರುವುದಿಲ್ಲ. ನನಗೆ ನಿಜವಾದ ಭಯ ಅದು.

ಇಷ್ಟು ಕಾರು ರಸ್ತೆಗೆ ಬಂದದ್ದು ಹೇಗೆ? ನಕ್ಷೆಯಲ್ಲಿ ಪ್ರತಿ ಮನೆಗೂ ಕಾರ್ ಪಾರ್ಕಿಂಗ್ ತೋರಿಸಿದ್ದಾರೆ. ಕಟ್ಟುವಾಗಲೂ ಜಾಗ ಬಿಡುತ್ತಾರೆ. ಗೃಹಪ್ರವೇಶ ಕಳೆದ ಮೇಲೆ ಆ ಜಾಗಕ್ಕೆ ಗೋಡೆ ಎದ್ದು ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೆ ಆಗುತ್ತದೆ, ಇಲ್ಲವೇ ಶಟರ್ ಬಿದ್ದು ಪ್ರಾವಿಷನ್ ಸ್ಟೋರ್. ಬಾಡಿಗೆ ಬರುತ್ತದೆ, ಸಾಲದ ಕಂತಿಗೆ ಆಗುತ್ತದೆ, ಆ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ನೆಲಮಹಡಿ, ಮೊದಲ ಮಹಡಿ, ಎರಡನೇ ಮಹಡಿ ಸೇರಿ ಮೂರು ಸಂಸಾರ, ಮೂರು ಕಾರು, ಒಂದಕ್ಕೂ ಒಳಗೆ ಜಾಗವಿಲ್ಲ. ಪೆಟ್ರೋಲ್ ಕಾರಿಗೆ ಇದು ಬರೀ ಕಿರಿಕಿರಿ. ಎಲೆಕ್ಟ್ರಿಕ್ ಕಾರಿಗೆ ಹಾಗಲ್ಲ. ಅದು ರಾತ್ರಿ ನಿಂತ ಕಡೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಗೇಟಿನ ಹೊರಗೆ ನಿಂತರೆ ಅದಕ್ಕೆ ಊಟವಿಲ್ಲ.

ಊಟ ಕೊಡಲು ಜನ ಏನು ಮಾಡುತ್ತಾರೆ ಎನ್ನುವುದನ್ನೂ ನೋಡಿದ್ದೇನೆ. ಮೊದಲ ಮಹಡಿಯ ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು, ಫುಟ್‌ಪಾತಿನ ಮೇಲೆ ಹಾಯಿಸಿ, ರಸ್ತೆಯಲ್ಲಿರುವ ಕಾರಿಗೆ ಚುಚ್ಚುತ್ತಾರೆ. ದಯವಿಟ್ಟು ಬೇಡ. ಗೀಸರು ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ಕಾರು 14-15 ಆಂಪ್ಸ್ ಕರೆಂಟನ್ನು ಏಳೆಂಟು ಗಂಟೆ ಬಿಡದೆ ಎಳೆಯುತ್ತದೆ. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸಿನ ಪಿನ್ನು ಕಾದು, ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿದ್ದನ್ನು ಕೈಯಾರೆ ಬಿಚ್ಚಿದ್ದೇನೆ. ಮಳೆಗಾಲದಲ್ಲಿ ಅದೇ ಫುಟ್‌ಪಾತಿನಲ್ಲಿ ಮಕ್ಕಳು ಶಾಲಾ ವ್ಯಾನಿಗೆ ಕಾಯುತ್ತಾರೆ, ದನಗಳು ಓಡಾಡುತ್ತವೆ.

ಕಾರು ನಿಲ್ಲಿಸುವ ಪೋರ್ಟಿಕೋ ಉಳಿಸಿಕೊಂಡವರಿಗೆ ಮಾತ್ರ ಈ ಲೇಔಟ್ ನಿಜಕ್ಕೂ ಒಳ್ಳೆಯದು. ಅಪಾರ್ಟ್‌ಮೆಂಟಿನಲ್ಲಾದರೆ ಅಸೋಸಿಯೇಷನ್ನಿನ ಒಪ್ಪಿಗೆ ಬೇಕು, ಬೇಸ್‌ಮೆಂಟಿನ ತನಕ ಕೇಬಲ್ ಎಳೆಯಬೇಕು, ಯಾರ ಮೀಟರಿಗೆ ಸೇರಿಸುವುದು ಎಂಬ ಜಗಳ ಬೇರೆ. ಇಲ್ಲಿ ನಿಮ್ಮ ಮೀಟರ್ ಬೋರ್ಡು ಕಾರಿನಿಂದ ನಾಲ್ಕು ಹೆಜ್ಜೆ. ಬೋರ್ಡಿನಿಂದ ನೇರವಾಗಿ ಬೇರೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆದು, ಅದಕ್ಕೇ ಲೋಡು ಮೀರಿದರೆ ತಾನೇ ಬೀಳುವ ಒಂದು ಎಂಸಿಬಿ, ಕರೆಂಟು ಸೋರಿದರೆ ಕಡಿದುಹಾಕುವ 30 ಮಿಲಿಆಂಪ್ಸಿನ ಆರ್‌ಸಿಸಿಬಿ, ಮಳೆ ಹನಿಯದ ಬಾಕ್ಸಿನೊಳಗೆ ಒಳ್ಳೆಯ ಕಂಪನಿಯ 16 ಆಂಪ್ಸ್ ಸಾಕೆಟ್ ಹಾಕಿದರೆ ಮುಗಿಯಿತು. 3.3 ಕಿಲೋವ್ಯಾಟಿನಲ್ಲಿ ರಾತ್ರಿಯ ಎಂಟು ಗಂಟೆಗಳಲ್ಲಿ 24 ಯೂನಿಟ್‌ಗಿಂತ ಹೆಚ್ಚೇ ಹೋಗುತ್ತದೆ. ಸಣ್ಣ ಕಾರಿನ ಬ್ಯಾಟರಿ ಪೂರ್ತಿ ತುಂಬಲು ಅದು ಸಾಕು. ಊರೊಳಗಿನ ಓಡಾಟಕ್ಕೆ 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಬೇಕೇಬೇಕು ಎಂದು ಶೋರೂಮಿನವರು ಹೇಳಿದರೆ ನಂಬಬೇಡಿ. ಅದು 30 ಆಂಪ್ಸ್ ಮೀರಿ ಎಳೆಯುತ್ತದೆ, ವೈರು ದಪ್ಪ ಬೇಕು, ಲೋಡೂ ಜಾಸ್ತಿ ಮಾಡಿಸಬೇಕು.

ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ) ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಫೋನ್ ಕರೆ ಬರುವುದೆಲ್ಲ ಅದಕ್ಕೇ. ಹೊಸ ಕಾರು ತಂದು ಪೂಜೆ ಮಾಡಿಸಿ ಚಾರ್ಜರ್ ಚುಚ್ಚಿದರೆ ಕೆಂಪು ದೀಪ. ಕಾರು ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ. ಕಾರು ಸರಿಯಾಗಿಯೇ ಇರುತ್ತದೆ. ಮನೆಯ ಅರ್ಥ್ ಸರಿಯಿಲ್ಲದಿದ್ದರೆ ಚಾರ್ಜರ್ ಕರೆಂಟು ತೆಗೆದುಕೊಳ್ಳಲು ಒಪ್ಪುವುದಿಲ್ಲ. ನಮ್ಮ ಲೇಔಟಿನ ನೆಲ ಮೇಲೆ ಕೆಮ್ಮಣ್ಣು, ಕೆಳಗೆ ಗಟ್ಟಿ. ಮಾರ್ಚ್ ಬರುವಷ್ಟರಲ್ಲಿ ಒಣಗಿ ಬಿರುಕು ಬಿಡುತ್ತದೆ. ಇದ್ದಿಲು, ಉಪ್ಪು ಹಾಕಿ ಇಳಿಸಿದ ಹಳೆಯ ಗುಂಡಿಗೆ ಬೇಸಿಗೆಯಲ್ಲಿ ನೀರು ಬೀಳದಿದ್ದರೆ ಅರ್ಥ್ ಇದ್ದೂ ಇಲ್ಲದಂತೆ. ಕಾರಿನ ಪಾಯಿಂಟಿಗೆ ಬೇರೆ ಅರ್ಥ್ ಗುಂಡಿ ತೆಗೆಸಿ. ಅದರ ಮೇಲೆ ಚಪ್ಪಡಿ ಮುಚ್ಚಿ ಟೈಲ್ಸ್ ಹಾಕಿಬಿಡಬೇಡಿ, ನೀರು ಹಾಕಲು ಬಾಯಿ ಇರಲಿ.

ರ‍್ಯಾಂಪಿನದೂ ಒಂದು ಮಾತು. ನೀರು ನುಗ್ಗುವ ಹೆದರಿಕೆಗೆ ಮೂರು ಅಡಿ ಪಾಯ ಎತ್ತರಿಸಿ, ರ‍್ಯಾಂಪನ್ನು ಕಡಿದಾಗಿ ಚರಂಡಿಯ ಮೇಲೆಯೇ ಮುಗಿಸುತ್ತಾರೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಇರುವುದು ನೆಲದಡಿಯಲ್ಲಿ. ಮೇಲಿನ ತಿರುವಿನಲ್ಲಿ ಹೊಟ್ಟೆ ಉಜ್ಜುವ ಮನೆಗಳು ನಮ್ಮಲ್ಲೇ ಇವೆ.

ಇನ್ನು ಬಿಲ್ಲು. ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ 5ರಿಂದ 6 ಯೂನಿಟ್ ಬೇಕು, ಅಂದರೆ ತಿಂಗಳಿಗೆ 150ರಿಂದ 180. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಮನೆಗೆ 110 ಯೂನಿಟ್ ಆಗುತ್ತಿದ್ದವರು ಅದೇ ಮೀಟರಿಗೆ ಕಾರು ಜೋಡಿಸಿದರೆ ಉಚಿತ ಹೋಯಿತು. ಇದನ್ನು ಯಾವ ಶೋರೂಮಿನಲ್ಲೂ ಹೇಳಿದ್ದನ್ನು ಕೇಳಿಲ್ಲ. ದಾರಿ ಇದೆ: 2024ರ ಫೆಬ್ರವರಿಯಲ್ಲಿ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಬಂದ ತಿದ್ದುಪಡಿಯ ಪ್ರಕಾರ, ಗ್ರಾಹಕರು ಕೇಳಿದರೆ ಎಲೆಕ್ಟ್ರಿಕ್ ಕಾರಿನ (ಇವಿ) ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೊಡಬೇಕು. ಬೇರೆ ಆರ್.ಆರ್. ನಂಬರು (ಬಿಲ್ಲಿನ ಮೇಲಿನ ಸಂಪರ್ಕ ಸಂಖ್ಯೆ), ಬೇರೆ ಮೀಟರು. ಮನೆಯ ಮೀಟರಿಗೇ ಹಾಕಿಕೊಳ್ಳುವುದಾದರೆ ಸ್ಯಾಂಕ್ಷನ್ ಲೋಡ್, ಅಂದರೆ ನಿಮ್ಮ ಸಂಪರ್ಕಕ್ಕೆ ಮಂಜೂರಾದ ಕಿಲೋವ್ಯಾಟ್ ಎಷ್ಟು ನೋಡಿ. ಇಲ್ಲಿ ಬಹಳ ಮನೆಗಳದ್ದು ಸಿಂಗಲ್ ಫೇಸ್, 3 ಕಿಲೋವ್ಯಾಟ್. ಕಾರೊಂದೇ ಅದನ್ನು ಮೀರುತ್ತದೆ.

ಇಷ್ಟೆಲ್ಲ ಸರಿಮಾಡಿಕೊಂಡರೂ ನಿಮ್ಮ ಕೈಯಲ್ಲಿಲ್ಲದ್ದು ಟಿಸಿ. ನಮ್ಮ ಭಾಗಕ್ಕಿರುವುದು 100 ಕೆವಿಎ ಟಿಸಿ, ಅಂದರೆ ಹೆಚ್ಚೆಂದರೆ 100 ಕಿಲೋವ್ಯಾಟ್ ಹೊರುವಂಥದ್ದು. ಲೇಔಟ್ ಮಾಡಿದಾಗ ಫ್ಯಾನು, ಫ್ರಿಜ್ಜು, ಬೆಳಗಿನ ಗೀಸರಿನ ಲೆಕ್ಕದಲ್ಲಿ ಇಟ್ಟದ್ದು. ರಾತ್ರಿ ಹತ್ತಕ್ಕೆ 30 ಕಾರು ಒಟ್ಟಿಗೆ ತಲಾ 3.3 ಕಿಲೋವ್ಯಾಟ್ ಎಳೆದರೆ 99 ಆಯಿತು, ಕಾರುಗಳಿಗೇ ಅದು ಮುಗಿಯಿತು. ಅಷ್ಟು ಕಾರು ಇನ್ನೂ ಬಂದಿಲ್ಲ. ಆದರೆ ಈಗಲೇ ಒಂದೇ ಫೇಸಿನ ಮೇಲೆ ಎಲ್ಲರ ಲೋಡು ಬಿದ್ದು, ಸಾಲಿನ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜು ಇಳಿಯುತ್ತದೆ. ಡೆವಲಪರ್ ನೆಲದಡಿಯ (ಯುಜಿ) ಕೇಬಲ್ ಹಾಕಿಸಿದ್ದು, ಮನೆಗಳಿಗೆ ಕರೆಂಟು ಹಂಚುವ ಫೀಡರ್ ಪಿಲ್ಲರುಗಳನ್ನು ಎತ್ತರದ ಕಟ್ಟೆಯ ಮೇಲಿಟ್ಟಿದ್ದು ಮೆಚ್ಚಬೇಕಾದ ಕೆಲಸ. ಗಾಳಿಮಳೆಗೆ ಇಲ್ಲಿ ಕರೆಂಟು ಹೋಗುವುದು ಕಡಿಮೆ. ಎರಡನೇ ಟಿಸಿಗೆ ಕಟ್ಟೆ ಕಟ್ಟಿ ಜಾಗವನ್ನೂ ಬಿಟ್ಟಿದ್ದಾರೆ. ಕಟ್ಟೆ ಖಾಲಿ ಇದೆ.

ಕ್ಲಬ್‌ಹೌಸ್ ಮುಂದಿನ ಚಾರ್ಜರಿಗೆ ನನ್ನಿಂದ ಸೊನ್ನೆ ಅಂಕ. “ಇವಿ ರೆಡಿ” ಎಂದು ಫಲಕ ಹಾಕಿ ಒಂದು ಚಾರ್ಜರ್ ನಿಲ್ಲಿಸಿದರು. ಅದನ್ನು ಟೆಂಪರರಿ ಸಂಪರ್ಕದಿಂದ ಓಡಿಸುತ್ತಿದ್ದರು. ಅಸೋಸಿಯೇಷನ್‌ಗೆ ವಹಿಸಿಕೊಟ್ಟ ಮೇಲೆ ಬಿಲ್ಲು ಯಾರು ಕಟ್ಟುವುದೆಂದು ತೀರ್ಮಾನವಾಗದೆ ಕಡಿತವಾಯಿತು. ಬಾಡಿಗೆ ಮನೆಯವರಿಗೆ ಇದ್ದ ಒಂದೇ ಆಸರೆ ಅದು, ಈಗ ಅದರ ಮುಂದೆ ಮದುವೆ ಕಾರುಗಳು ನಿಲ್ಲುತ್ತವೆ. 60 ಅಡಿ ರಸ್ತೆಯ ಪಕ್ಕ ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಸಿ.ಎ. ಸೈಟು ಇದೆ. ಪ್ರತ್ಯೇಕ ಮೀಟರು ತೆಗೆದುಕೊಂಡು, ಅದರ ಅಂಚಿನ ರಸ್ತೆಯಲ್ಲಿ ಗುರುತು ಹಾಕಿ ನಾಲ್ಕು ಪಾಯಿಂಟ್ ಮಾಡೋಣ, ನನಗೆ ವೈರಿಂಗ್ ಕೂಲಿ ಕೊಡುವುದು ಬೇಡ ಎಂದು ಅಸೋಸಿಯೇಷನ್ ಸಭೆಯಲ್ಲಿ ಹೇಳಿದ್ದೇನೆ. ಆ ಮಾತು ಈಗಲೂ ನಿಂತಿದೆ.

ಹಾಗಾಗಿ, ಸ್ವಂತಕ್ಕೆ ಮನೆ ಕಟ್ಟಿ ಪೋರ್ಟಿಕೋ ಮುಚ್ಚದೆ ಇರುವವರು ಕಣ್ಣುಮುಚ್ಚಿ ಬರಬಹುದು. 40 ಅಡಿ ರಸ್ತೆಯ ಸೈಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ. ಬಾಡಿಗೆಗೆ ಬರುವವರು ಅಡ್ವಾನ್ಸ್ ಕೊಡುವ ಮೊದಲೇ ಕಾರು ಗೇಟಿನೊಳಗೋ ಹೊರಗೋ ಎಂದು ಕೇಳಿ, ಒಳಗೆ ಎಂದರೆ ಕರಾರಿನಲ್ಲಿ ಬರೆಸಿ. ಸೈಟು ನೋಡಲು ಬರುವವರು ರಾತ್ರಿ ಒಂಬತ್ತರ ಮೇಲೆ ಬನ್ನಿ. ಹಗಲಲ್ಲಿ ಕಾರೆಲ್ಲ ಆಫೀಸಿಗೆ ಹೋಗಿರುತ್ತವೆ, ರಸ್ತೆ ಖಾಲಿ ಕಾಣುತ್ತದೆ. ಬಂದಾಗ ಉದ್ಯಾನದ ಮೂಲೆಯ ಆ ಖಾಲಿ ಕಟ್ಟೆಯ ಮೇಲೆ ಎರಡನೇ ಟಿಸಿ ಕೂತಿದೆಯೇ ನೋಡಿ, ಕೂತಿಲ್ಲದಿದ್ದರೆ ಯಾವಾಗ ಎಂದು ಡೆವಲಪರನ್ನು ಕೇಳಿ, ಉತ್ತರ ಕಾಗದದಲ್ಲಿ ತೆಗೆದುಕೊಳ್ಳಿ.