ಅಡುಗೆಮನೆಯ ಡಿಜಿಟಲ್ ತಕ್ಕಡಿ: ಎಣ್ಣೆಗೆ ಅತ್ಯುತ್ತಮ, ಉಪ್ಪಿಗೆ ಬೇಡ

ವಿಮರ್ಶೆಗೆ ಎತ್ತಿಕೊಂಡಿರುವುದು 5 ಕಿಲೋ ಮಿತಿಯ, 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಸಾಮಾನ್ಯ ತಕ್ಕಡಿ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ 2019ರ ಪ್ರಯೋಗವೊಂದರಲ್ಲಿ 20 ಜನರಿಗೆ ಎರಡು ವಾರ ಅತಿಸಂಸ್ಕರಿತ (ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ಬಗೆಯ) ಆಹಾರ, ಎರಡು ವಾರ ಸಂಸ್ಕರಣೆ ಕಡಿಮೆಯಿರುವ ಆಹಾರ ಕೊಟ್ಟರು. ಬೇಕಾದಷ್ಟು ತಿನ್ನಲು ಬಿಟ್ಟಾಗ, ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಹೆಚ್ಚು ತಿಂದರು. ಮನೆಯಡುಗೆಗೆ ಮರಳಲು ಇಷ್ಟು ಕಾರಣ ಸಾಕು. ಆದರೆ ಅಳತೆಯಿಲ್ಲದೆ ಸುರಿದ ಎಣ್ಣೆ ಆ ಲಾಭವನ್ನು ಮನೆಯಲ್ಲೇ ನುಂಗಿಬಿಡಬಹುದು. ಒಂದು ಗ್ರಾಂ ಎಣ್ಣೆಗೆ ಸುಮಾರು 9 ಕಿಲೊಕ್ಯಾಲರಿ. 15 ಮಿಲಿಯ ಒಂದು ದೊಡ್ಡ ಚಮಚಕ್ಕೆ ಹತ್ತಿರ ಹತ್ತಿರ 120. ಬಾಟಲಿ ಬಗ್ಗಿಸಿದಾಗ ಒಂದು ಚಮಚ ಮೂರಾದದ್ದು ಕಣ್ಣಿಗೆ ತಿಳಿಯುವುದೇ ಇಲ್ಲ.

ಇಲ್ಲಿ ತಕ್ಕಡಿ ನಿಜಕ್ಕೂ ಗೆಲ್ಲುತ್ತದೆ. ಎಣ್ಣೆ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತರುವ ಟೇರ್ ಗುಂಡಿ ಒತ್ತಿ, ಬಾಣಲೆಗೆ ಸುರಿದು, ಬಾಟಲಿಯನ್ನು ಮತ್ತೆ ಇಡಿ. ತೆರೆಯ ಮೇಲೆ ಮೈನಸ್ 12 ಬಂದರೆ ಬಳಸಿದ್ದು 12 ಗ್ರಾಂ. ಚಮಚ ತೊಳೆಯುವ ಕೆಲಸವೂ ಇಲ್ಲ. ಸಕ್ಕರೆ, ಬೆಣ್ಣೆ, ಬೀಜಗಳಿಗೂ ಇದೇ ಉಪಾಯ. ಎರಡು ನಿಮಿಷಕ್ಕೆ ತಾನಾಗಿ ಆರಿಹೋಗುವ ಮಾದರಿಯಲ್ಲಿ ಮಾತ್ರ ನಡುವೆ ಟೇರ್ ಅಳಿಸಿಹೋಗುತ್ತದೆ. ಕೊಳ್ಳುವಾಗ ಈ ಅವಧಿಯನ್ನು ಕೇಳಲೇಬೇಕು.

ಉಪ್ಪಿಗೆ ಇದು ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿಯೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ; ಅಲ್ಲಿ ಒಂದು ಗ್ರಾಂ ಆಚೀಚೆಯಾದರೆ ಶೇ 20ರಷ್ಟು ತಪ್ಪು. ಅದೂ ಅಲ್ಲದೆ, ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಹಲವು ತಕ್ಕಡಿಗಳು ಆ ಸಣ್ಣ ಏರಿಕೆಯನ್ನು ಅಂಕಿಯ ಬರಿಯ ಅಲುಗಾಟವೆಂದು ಬಗೆದು ಸೊನ್ನೆಯಲ್ಲೇ ನಿಲ್ಲುತ್ತವೆ. ಉಪ್ಪಿನ ಡಬ್ಬಿಯಿಟ್ಟು ಟೇರ್ ಮಾಡಿ ಒಂದೇ ಸಲ ತೆಗೆದರೆ ಸ್ವಲ್ಪ ವಾಸಿ. ಸರಿಯಾದ ಲೆಕ್ಕ ಬೇಕಿದ್ದವರು 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯನ್ನೇ ಕೊಳ್ಳಲಿ.

ಬೆಂದದ್ದನ್ನು ತೂಗಿ ಹಸಿಯ ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು. 100 ಗ್ರಾಂ ಅಕ್ಕಿ ಬೆಂದು ಸುಮಾರು 300 ಗ್ರಾಂ ಅನ್ನವಾಗುತ್ತದೆ. ಹೆಚ್ಚಿದ್ದು ನೀರು ಮಾತ್ರ, ಕ್ಯಾಲರಿ ಮೊದಲಿದ್ದಷ್ಟೇ. ಆ್ಯಪ್‌ಗೆ ಜೋಡಿಸುವ ದುಬಾರಿ ಮಾದರಿಯೂ ಇದರಿಂದ ಕಾಪಾಡದು, ಆ್ಯಪ್‌ನಲ್ಲಿ ‘ಅಕ್ಕಿ’ ಒತ್ತಬೇಕೋ ‘ಅನ್ನ’ ಒತ್ತಬೇಕೋ ಆರಿಸುವವರು ನಾವೇ ತಾನೆ. ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ, ಬೆಂದ ಮೇಲೆ ಒಟ್ಟು ತೂಕದಿಂದ ಅದನ್ನು ಕಳೆದು ಅಡುಗೆಯನ್ನು ಪಾಲು ಮಾಡಿ. 5 ಕಿಲೋ ಮಿತಿಯೊಳಗೆ ಪಾತ್ರೆಯೂ ಸೇರುವುದರಿಂದ ದೊಡ್ಡ ಕುಟುಂಬಕ್ಕೆ 10 ಕಿಲೋದ್ದೇ ಸರಿ.

ಬಿಸಿ ಪಾತ್ರೆಯನ್ನು ನೇರವಾಗಿ ಇಡಬೇಡಿ. ಒಳಗಿನ ಲೋಹದ ಪಟ್ಟಿ ಭಾರಕ್ಕೆ ಕೂದಲೆಳೆಯಷ್ಟು ಬಾಗುವುದನ್ನೇ ತಕ್ಕಡಿ ಅಳೆಯುತ್ತದೆ, ಶಾಖ ಆ ಅಳತೆಯನ್ನು ಕೆಡಿಸುತ್ತದೆ. ಕೆಳಗೆ ಮರದ ಹಲಗೆಯಿಟ್ಟು ಟೇರ್ ಮಾಡಿ. ಅಗಲ ಪಾತ್ರೆ ತೆರೆಯನ್ನು ಮುಚ್ಚಿದರೆ ಬಟ್ಟಲೊಂದನ್ನು ಬೋರಲು ಹಾಕಿ ಅದರ ಮೇಲಿಡಬಹುದು.

ತಂದ ದಿನವೇ ಒಂದೇ ಲೋಟವನ್ನು ತಟ್ಟೆಯ ನಾಲ್ಕೂ ಮೂಲೆಗಳಲ್ಲಿಟ್ಟು ನೋಡಿ. ಎರಡು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹಿಂದಿರುಗಿಸಿ.

ಪ್ರತಿ ತುತ್ತಿನ ಲೆಕ್ಕವೇ ಆತಂಕವಾಗುವವರ ಕೈಗೆ, ತಿನ್ನುವುದರ ಬಗ್ಗೆ ಭಯ ಬೆಳೆದಿರುವ ಮಕ್ಕಳಿರುವ ಮನೆಗೆ, ಈ ಸಾಧನ ಬೇಡವೇ ಬೇಡ. ಉಳಿದವರು ಎಣ್ಣೆ, ಸಕ್ಕರೆ, ಬೀಜಗಳನ್ನು ತೂಗಿದರೆ ಸಾಕು. ಸೊಪ್ಪು ತರಕಾರಿಯನ್ನು ತೂಗುತ್ತ ಕೂರಬೇಕಿಲ್ಲ.