ಕಿಡ್ನಿ ಲಿಸ್ಟಿಗೆ ಬೆಂಗಳೂರು ಅಡ್ರೆಸ್ ಬೇಕು ಅಂತ ಯಾರರ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ

ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಕಡೆ ಯಾರ ಮನ್ಯಾಗ ಡಯಾಲಿಸಿಸ್ ಪೇಷಂಟ್ ಅದಾರ, ಅವ್ರು ಇದನ್ನ ಪೂರಾ ಓದ್ರಿ. ಸಿಟ್ಟಿನ್ಯಾಗ ಬರಿಯಾಕತ್ತೀನಿ, ಹಿಂದ ಮುಂದ ಆಗಿದ್ರ ಹೊಟ್ಟ್ಯಾಗ ಹಾಕ್ಕೊರಿ.

ನಮ್ಮ ಅಣ್ಣಗ ಎರಡೂ ಕಿಡ್ನಿ ಹೋಗ್ಯಾವ. ವೈನಿಗೆ ಶುಗರ್, ಅವ್ವಗ ವಯಸ್ಸಾಗೇತಿ, ನನ್ನ ಬ್ಲಡ್ ಗ್ರೂಪ್ ಕೂಡಲಿಲ್ಲ. ಉಳಿದದ್ದು ಒಂದೇ, ಬ್ರೇನ್ ಡೆಡ್ ಆದವ್ರ ಕಿಡ್ನಿಗೆ ಹೆಸರು ಹಚ್ಚಿ ಕಾಯೋದು. ಡಯಾಲಿಸಿಸ್ ತಾಲೂಕ ಆಸ್ಪತ್ರ್ಯಾಗ ಆಗತೈತಿ, ಆದ್ರ ಹೆಸರು ಹಚ್ಚಾಕ ಟ್ರಾನ್ಸ್‌ಪ್ಲಾಂಟ್ ಮಾಡೋ ಆಸ್ಪತ್ರಿನೇ ಬೇಕು, ಅವು ಹೆಚ್ಚಿಗಿ ಇರೋದು ಬೆಂಗಳೂರಾಗ. ಇಲ್ಲಿಂದ 400 ಕಿಲೋಮೀಟರ್ ಹತ್ರ. ಕಾಲು ಬಾತವನನ್ನ ರಾತ್ರಿ ಬಸ್ಸಿನ್ಯಾಗ ಕರ್ಕೊಂಡು ಹೋಗಬೇಕು, ನೀರು ಸೈತ ಅಳತಿ ಮ್ಯಾಲ ಕೊಡಬೇಕು, ಟೆಸ್ಟ್ ಮುಗಿಸಿ ಮುಂದಿನ ಡಯಾಲಿಸಿಸ್‌ಗೆ ವಾಪಸ್ ಓಡಿ ಬರಬೇಕು. ರಾಯಚೂರಿಗೆ ಏಮ್ಸ್ ಕೊಡ್ರಿ ಅಂತ 2022ರಿಂದ ಮಂದಿ ಧರಣಿ ಕುಂತದ್ದು ಸುಮ್ನ ಅಲ್ಲ.

ಈ ದೂರನ ಒಬ್ಬ ಮೋಸಗಾರನ ಬಂಡವಾಳ ಆತು. ಡಯಾಲಿಸಿಸ್ ರೂಮಿನ ಹೊರಗ ಯಾರೋ ನಂಬರ್ ಕೊಟ್ರು, ಹೆಸರು ಹಚ್ಚೋ ಕೆಲಸ ನೋಡ್ಕೊಳ್ಳೋ ಆಸ್ಪತ್ರಿ ಕೋಆರ್ಡಿನೇಟರ್ ಅಂತ. ಎಷ್ಟು ನಯವಾಗಿ ಮಾತಾಡಿದ ಅಂದ್ರ, "ಸರ್, ಕಿಡ್ನಿ ಸಿಕ್ಕಿದ್ರೆ ಮಧ್ಯರಾತ್ರಿ ಕಾಲ್ ಬರುತ್ತೆ, ನೀವು ಅಲ್ಲಿಂದ ಬರೋಷ್ಟರಲ್ಲಿ ಮುಂದಿನವರಿಗೆ ಹೋಗಿರುತ್ತೆ, ಅದಕ್ಕೇ ಬೆಂಗಳೂರು ಅಡ್ರೆಸ್ ಇದ್ರೆ ಮಾತ್ರ ಲಿಸ್ಟ್‌ಗೆ ತಗೊಳ್ಳೋದು. ರೆಂಟಲ್ ಅಗ್ರಿಮೆಂಟ್ ನಾನು ಮಾಡಿಸ್ತೀನಿ, ಸೀನಿಯಾರಿಟೀನೂ ಮೇಲೆ ತರಿಸ್ತೀನಿ." ತೆಗೆದ ಕಿಡ್ನಿ ಬಾಳ ಹೊತ್ತು ಇಡಾಕ ಬರಂಗಿಲ್ಲ ಅನ್ನೋದು ಖರೆ, ಹಿಂಗಾಗಿ ಉಳಿದದ್ದೂ ಖರೇನ ಅನಿಸ್ತು. ವೈನಿ ಬಂಗಾರ ಅಡವಿಟ್ಟು 1,20,000 ಕೊಟ್ವಿ. ವಾಟ್ಸಾಪಿಗೆ ಒಂದು ಸ್ಲಿಪ್ ಕಳಿಸಿದ, ನಂಬರ್ ಐತಿ, ಸೀಲ್ ಐತಿ. ಕೇಳಿದಾಗೆಲ್ಲ "ಪ್ರೊಸೆಸ್‌ನಲ್ಲಿದೆ ಸರ್", "ಮೇಲೆ ಬರ್ತಿದೀರಾ ಸರ್". ತಿಂಗಳಗಟ್ಟಲೆ ಇದೇ.

ಕಡೀಗೆ ಅಣ್ಣನ್ನ ಕರ್ಕೊಂಡು ಆಸ್ಪತ್ರಿಗೇ ಹೋದ್ವಿ. ಅಲ್ಲಿ ಖರೆ ಕೋಆರ್ಡಿನೇಟರ್ ಮೇಡಂ ಹೆಸರು ಹೊಡದು ನೋಡಿದ್ರು, ಮತ್ತೊಮ್ಮೆ ಹೊಡದು ನೋಡಿದ್ರು, "ಈ ಹೆಸರಿನವರು ನಮ್ಮಲ್ಲಿ ರಿಜಿಸ್ಟರ್ ಆಗೇ ಇಲ್ವಲ್ಲ" ಅಂದ್ರು. ನಾನು ಸ್ಲಿಪ್ ತೋರಿಸಿದೆ. ಅದರಾಗ ಬ್ಲಡ್ ಗ್ರೂಪ್ ಓ ಪಾಸಿಟಿವ್ ಅಂತಿತ್ತು, ನಮ್ಮ ಅಣ್ಣಂದು ಬಿ. ಹಿಂದ ಲೈನಿನ್ಯಾಗ ನಿಂತವ್ರೆಲ್ಲ ಕೇಳಾಕತ್ತಿದ್ರು. ಅಣ್ಣ ಒಂದು ಮಾತೂ ಆಡಲಿಲ್ಲ, ಡಯಾಲಿಸಿಸ್ ಸೂಜಿ ಚುಚ್ಚಾಕ ಕೈ ಮ್ಯಾಲ ಮಾಡಿದ ಫಿಸ್ಟುಲಾ ಕಾಣದಂಗ ಅಂಗಿ ತೋಳು ಎಳ್ಕೊಂಡು ನಿಂತಿದ್ದ. ನನಗ ತಲಿ ಎತ್ತಾಕ ಆಗಲಿಲ್ಲ.

ಫೋನ್ ಮಾಡಿದ್ರ ಅವನ ಉತ್ತರ ಕೇಳ್ರಿ. ಮೊದಲು "ಸರ್ವರ್ ಪ್ರಾಬ್ಲಮ್ ಇರಬೇಕು ಸರ್". ರೊಕ್ಕ ವಾಪಸ್ ಕೊಡು ಅಂದಾಗ "ಅದು ಮೇಲಿನವರಿಗೆ ಹೋಗಿದೆ". ಪೊಲೀಸ್ ಅಂದ ಕೂಡಲೇ ಧ್ವನಿ ಬದಲಾತು, "ಅಂಗಾಂಗದ ವಿಷಯಕ್ಕೆ ದುಡ್ಡು ಕೊಟ್ಟಿದ್ದು ನೀವು, ಆಕ್ಟ್ ಪ್ರಕಾರ ನೀವೇ ಒಳಗೆ ಹೋಗ್ತೀರಾ, ಪೇಷಂಟ್‌ನ ಸ್ಟೇಷನ್‌ಗೆ ಅಲೆದಾಡಿಸ್ತೀರಾ?" ಜಡ್ಡಿನ ಮನುಷ್ಯಾನ ಮುಂದಿಟ್ಟು ಹೆದರಿಸ್ತಾನ್ರಿ! ಆಮೇಲೆ ಬ್ಲಾಕ್ ಮಾಡಿದ.

ಮೇಡಂ ಹೇಳಿದ್ದು ಇಷ್ಟು. ಇಂಥಾ ಊರವ್ರೇ ಇರಬೇಕು ಅನ್ನೋ ಷರತ್ತು ತೆಗೀರಿ, ಹೆಸರು ಹಚ್ಚಾಕ ಫೀ ತಗೋಬ್ಯಾಡ್ರಿ ಅಂತ ಕೇಂದ್ರದವ್ರು 2023ರಾಗೇ ರಾಜ್ಯಗಳಿಗೆ ಹೇಳ್ಯಾರ. ಕರ್ನಾಟಕದಾಗ ಲಿಸ್ಟ್ ನೋಡ್ಕೊಳ್ಳೋದು ಸರ್ಕಾರದ ಜೀವಸಾರ್ಥಕತೆ ಅನ್ನೋ ಸಂಸ್ಥೆ, ಹೆಸರು ಹೋಗೋದು ಆಸ್ಪತ್ರಿ ಮೂಲಕನ. ಸಾಲು ದಾಟಿಸಿ ಮುಂದ ತರತೀನಿ ಅಂದ್ರ ಅಂವ ಕಳ್ಳನೇ. ಟೆಸ್ಟಿಗೆ, ಆಪರೇಷನ್‌ಗೆ ಖರ್ಚು ಬ್ಯಾರೆ, ಅದಕ್ಕ ಆಸ್ಪತ್ರಿ ಕೌಂಟರಿನ್ಯಾಗ ಕಟ್ಟಿ ರಸೀದಿ ತಗೊರಿ. ಬಿಪಿಎಲ್ ಕಾರ್ಡ್ ಇದ್ರ ಸರ್ಕಾರದ ಸ್ಕೀಮ್ ಐತಿ, ಅದನ್ನೂ ಅಲ್ಲೇ ಕೇಳ್ರಿ. ರಿಜಿಸ್ಟರ್ ಆತು ಅಂತ ಯಾರರ ಅಂದ್ರ ಕೋಆರ್ಡಿನೇಟರ್ ಮುಂದ ನಿಂತು ಹೆಸರು, ಬ್ಲಡ್ ಗ್ರೂಪ್ ಓದಿಸಿ ಕೇಳ್ರಿ.

ಬಂಗಾರ ಇಂದಲ್ಲ ನಾಳೆ ಬಿಡಿಸಬಹುದು. ಆದ್ರ ಲಿಸ್ಟಿನ್ಯಾಗ ಎಷ್ಟು ದಿನದಿಂದ ಕಾಯಾಕತ್ತೀರಿ ಅನ್ನೋದನ್ನೂ ನೋಡ್ತಾರ, ನಮ್ಮ ಅಣ್ಣನ ಅಷ್ಟು ತಿಂಗಳು ಎಲ್ಲೂ ಲೆಕ್ಕಕ್ಕ ಬರಲಿಲ್ಲ. ಅದನ್ನ ಅಂವ ಹೆಂಗ ವಾಪಸ್ ಕೊಡತಾನ?

ನಾವು ಸೈಬರ್ ವಂಚನೆ ಹೆಲ್ಪ್‌ಲೈನ್ 1930ಕ್ಕ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೀವಿ, ಸ್ಕ್ರೀನ್‌ಶಾಟ್ ಎಲ್ಲಾ ಅದಾವ. ನಿಮಗೂ ಇಂಥಾ ಫೋನ್ ಬಂದಿದ್ರ ಹೆದರಬ್ಯಾಡ್ರಿ, ಮೆಸೇಜ್ ಅಳಿಸಬ್ಯಾಡ್ರಿ, ನೀವೂ ಕಂಪ್ಲೇಂಟ್ ಕೊಡ್ರಿ.